ಚೌಕದೊಳಗೆ ಬಿದ್ದದ್ದು

ಮಳೆಯಲ್ಲಿ ಲಕ್ಕಯ್ಯ ನೆನೆಯಬಹುದಿತ್ತು, ಕಾಗದ ನೆನೆಯಬಾರದಿತ್ತು. ಇದು ಇಲಾಖೆಯ ಮೊದಲನೆಯ ನಿಯಮ.

ಆ ಇಲಾಖೆಯ ಹೆಸರು ಒಂದೂವರೆ ಸಾಲು ಉದ್ದವಿತ್ತು. ಜೀಪಿನ ಬಾಗಿಲ ಮೇಲೆ ಬರೆಸುವಾಗ ಜಾಗ ಸಾಲದೆ ಕೊನೆಯ ಪದವನ್ನು ಹಿಂದಿನ ಚಕ್ರದ ಮೇಲಕ್ಕೆ ತಳ್ಳಿದ್ದರು. ಅರವತ್ತೆರಡನೇ ಇಸವಿಯ ಮುಂಗಾರಿನಲ್ಲಿ ಹಳ್ಳಿಮೈಸೂರಿನ ಸುತ್ತಿನ ಹುಲ್ಲು ಕಾವಲುಗಳಲ್ಲಿ ಯಾವ ಯಾವ ಸ್ವದೇಶಿ ಗಿಡ ಬೆಳೆಯುತ್ತವೆ ಎಂದು ಸರ್ವೆ ಮಾಡಲು ಅದು ಬೆಂಗಳೂರಿನಿಂದ ಬಂದಿತ್ತು. ಸರ್ವೆ ಅಂದರೆ ಗಿಡ ಹುಡುಕಬೇಕು, ಬೇರು ಸಮೇತ ಕೀಳಬೇಕು, ಹಳೇ ನ್ಯೂಸ್‌ಪೇಪರಿನ ನಡುವೆ ಮಲಗಿಸಬೇಕು, ಎರಡು ಹಲಗೆಗಳ ಮಧ್ಯೆ ಇಟ್ಟು ಹಗ್ಗದಲ್ಲಿ ಬಿಗಿಯಬೇಕು, ದಿನಾ ಕಾಗದ ಬದಲಿಸಿ ಒಣಗಿಸಬೇಕು, ಊರು ತಾರೀಖು ಹಾಕಿ ಚೀಟಿ ಬರೆಯಬೇಕು. ಇಷ್ಟನ್ನೂ ಲಕ್ಕಯ್ಯ ಮಾಡುತ್ತಿದ್ದ. ಉಳಿದದ್ದನ್ನು ಸಸ್ಯಶಾಸ್ತ್ರಜ್ಞ ಮಂಜುನಾಥರು ಮಾಡುತ್ತಿದ್ದರು. ಉಳಿದದ್ದು ಏನು ಎಂದು ಮಾತ್ರ ಯಾರೂ ಕೇಳಬಾರದು.

ತಲೆಯ ಮೇಲೆ ಹಲಗೆಯ ಹೊರೆ, ಹಲಗೆಯ ಮೇಲೆ ಸರ್ಕಾರಿ ಟಾರ್ಪಾಲು, ಟಾರ್ಪಾಲಿನ ಕೆಳಗೆ ಒಣಗಿದ ತುಂಬೆ, ನೆಲನೆಲ್ಲಿ, ಉತ್ತರಾಣಿ. ಅದರ ಕೆಳಗೆ ಗೋಣಿ ಕೊಪ್ಪೆ ಹೊದ್ದ ಲಕ್ಕಯ್ಯ. ಕೊಪ್ಪೆ ಮೊದಲ ಕಾಲು ಗಂಟೆ ಮಳೆ ತಡೆಯುತ್ತದೆ, ಆಮೇಲೆ ತಾನೇ ಸುರಿಯಲು ಶುರು ಮಾಡುತ್ತದೆ. ಕಾರೆಮುಳ್ಳು ತುಳಿದು ತುಳಿದು ಅಂಗಾಲು ಜರಡಿಯಾಗಿತ್ತು. ಒಂದು ದಿನ ಜೋರು ಮಳೆ ಬಂದಾಗ ಟಾರ್ಪಾಲಿನ ಒಂದು ತುದಿಯನ್ನು ಹೆಗಲ ಮೇಲೆ ಎಳೆದುಕೊಂಡಿದ್ದ. ಜೀಪಿನಲ್ಲಿ ಕೂತಿದ್ದ ಮಂಜುನಾಥರು ಅದನ್ನು ಕಂಡರು.

"ಲಕ್ಕಯ್ಯ, ನೀನು ಒದ್ದೆಯಾದರೆ ಒಣಗ್ತೀಯ. ಸ್ಪೆಸಿಮನ್ ಒದ್ದೆಯಾದ್ರೆ ಬೂಷ್ಟು ಬರುತ್ತೆ."

"ದಿಟ ಸಾ," ಎಂದ ಲಕ್ಕಯ್ಯ. ಇದುವರೆಗೆ ಅವನಿಗೆ ಬೂಷ್ಟು ಬಂದಿರಲಿಲ್ಲ, ಅದೂ ದಿಟವೇ.

ಅವನ ಕೆಲಸದ ಹೆಸರು ಹಂಗಾಮಿ ಕ್ಷೇತ್ರ ಸಹಾಯಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಿಕ್ಕ ಎಂಟು ತಿಂಗಳು ಗಿಡಗಳು ಬೆಳೆಯುವುದಿಲ್ಲ, ಲಕ್ಕಯ್ಯನೂ ಉಣ್ಣುವುದಿಲ್ಲ ಎಂದು ಸರ್ಕಾರ ತಿಳಿದಿತ್ತು. ನಾಲ್ಕನೇ ಕ್ಲಾಸು ಓದಿದ್ದರಿಂದ ಚೀಟಿ ಬರೆಯಬಲ್ಲವನಾಗಿದ್ದ. ಬೆಟ್ಟಮ್ಮನ ಮಗನಾದ್ದರಿಂದ ಗಿಡ ಬಲ್ಲವನಾಗಿದ್ದ. ಬೆಟ್ಟಮ್ಮ ನಾರು ಬೇರಿನ ಮದ್ದು ಕೊಡುವವಳು. ಹಗಲು ಹೊತ್ತು ಕೇರಿಯವರನ್ನು ನಾಲ್ಕು ಮಾರು ದೂರ ನಿಲ್ಲಿಸುವ ಊರಿನವರು, ಹಾವು ಕಚ್ಚಿದರೆ ಮಾತ್ರ ಅವಳ ಗುಡಿಸಲ ತನಕ ಓಡಿ ಬರುತ್ತಿದ್ದರು. ವಿಷಕ್ಕೆ ಮಡಿ ಗೊತ್ತಿಲ್ಲವಲ್ಲ.

ದೊಡ್ಡಬಾರೆ ಕಾವಲು ಅಂದರೆ ನೂರೆಂಬತ್ತು ಎಕರೆ ಕಲ್ಲು, ಹುಲ್ಲು, ಕುರುಚಲು. ಒಂದು ಕಡೆ ಹೊಲಗೇರಿಯ ಮೂವತ್ತು ಗುಡಿಸಲು, ಇನ್ನೊಂದು ಕಡೆ ಪಟೇಲ ಕೃಷ್ಣಪ್ಪನವರ ಹೊಲ. ಕೇರಿಯವರಿಗೆ ಒಂದು ಗುಂಟೆ ಜಮೀನು ಇರಲಿಲ್ಲ, ಕಾವಲು ಇತ್ತು. ಅಲ್ಲಿಯ ಹಂಚಿಕಡ್ಡಿ ಕುಯ್ದು ಪೊರಕೆ ಕಟ್ಟಿ ಸಂತೆಗೆ ಒಯ್ಯುತ್ತಿದ್ದರು. ಆಷಾಢದಲ್ಲಿ ರಾಗಿ ಮಡಕೆಯ ತಳ ಕಂಡಾಗ ಹೆಂಗಸರು ಅಣ್ಣೆಸೊಪ್ಪು, ಗುಳಿಸೊಪ್ಪು ಬಿಡಿಸಿ ತಂದು ಬೆರಕೆ ಸಾರು ಮಾಡಿ ಆ ಒಂದು ತಿಂಗಳು ದಾಟಿಸುತ್ತಿದ್ದರು. ಆಡು ಮೇಯುತ್ತಿದ್ದದ್ದೂ ಅಲ್ಲೇ. ಕಾವಲಿಲ್ಲದಿದ್ದರೆ ಕೇರಿಯ ಒಲೆಯೂ ಇಲ್ಲ.

ಸರ್ವೆ ಶುರುವಾದ ದಿನ ಮಂಜುನಾಥರು ಪಟೇಲರ ಜಗುಲಿಯಲ್ಲಿ ಆಲೂಗಡ್ಡೆ ಬೋಂಡ ತಿನ್ನುತ್ತ ಲಕ್ಕಯ್ಯನಿಗೆ ಪಾಠ ಹೇಳಿದರು. ಲಕ್ಕಯ್ಯ ಅಂಗಳದಲ್ಲಿ ನಿಂತು ಕಲಿತ.

"ನೋಡಪ್ಪ, ಈ ಮಣ್ಣಲ್ಲೇ ಹುಟ್ಟಿ ಬೆಳೆದದ್ದು ಸ್ವದೇಶಿ. ಹಡಗಲ್ಲಿ ಬಂದದ್ದು ಪರದೇಶಿ. ಲಾಂಟಾನ ಪರದೇಶಿ. ನೀಲಗಿರಿ ಪರದೇಶಿ. ಈ ಆಲೂಗಡ್ಡೆ ಇದೆಯಲ್ಲ, ಇದೂ ಪರದೇಶಿ."

"ಗೌಡ್ರ ಹೊಲದ್ದು ಕಣ್ ಸಾ ಅದು."

"ಹೊಲ ಗೌಡರದು. ಗಿಡ ಪರದೇಶದ್ದು. ಮೆಣಸಿನಕಾಯಿ, ಹೊಗೆಸೊಪ್ಪು, ಎಲ್ಲಾ ಹಾಗೇನೇ. ಸರ್ಕಾರಕ್ಕೆ ಬೇಕಾಗಿರೋದು ಸ್ವದೇಶಿ. ಅದು ಇದ್ದ ಭೂಮಿ ಸಸ್ಯಸಂಪತ್ತು. ಇಲ್ಲದೇ ಇದ್ದದ್ದು ಪಾಳು."

ಪಟೇಲರು ನಕ್ಕು ಇನ್ನೆರಡು ಬೋಂಡ ಬಡಿಸಲು ಹೇಳಿದರು. "ಪಾಳಾದ್ರೆ ಏನ್ಮಾಡ್ತೀರಿ ಸಾ?"

"ಅದಕ್ಕೆ ಪಾಳು ಭೂಮಿ ಸಮಿತಿ ಅಂತ ಬೇರೆ ಇದೆ. ಯಾರಾದ್ರೂ ಉದ್ಧಾರ ಮಾಡ್ತೀವಿ ಅಂದರೆ ಕೊಡ್ತಾರೆ."

"ಅಂಗಾದ್ರೆ ಸರಿ," ಎಂದರು ಪಟೇಲರು. ಉದ್ಧಾರ ಮಾಡುವುದರಲ್ಲಿ ಆ ಮನೆತನಕ್ಕೆ ಮೂರು ತಲೆಮಾರಿನ ಅಭ್ಯಾಸವಿತ್ತು. ಕೆರೆ ಅಂಗಳವನ್ನು ಉದ್ಧಾರ ಮಾಡಿದ್ದರು, ಸ್ಮಶಾನದ ಅರ್ಧವನ್ನು ಉದ್ಧಾರ ಮಾಡಿದ್ದರು.

ಆಮೇಲೆ ಮಂಜುನಾಥರು ಚೌಕ ತೋರಿಸಿದರು. ಮೂರಡಿ ಉದ್ದದ ನಾಲ್ಕು ಮರದ ಪಟ್ಟಿ ಸೇರಿಸಿ ಮೊಳೆ ಹೊಡೆದದ್ದು. ಕಾವಲಿಗೆ ಬೆನ್ನು ಮಾಡಿ ನಿಂತು, ಹಿಂತಿರುಗಿ ನೋಡದೆ ಹೆಗಲ ಮೇಲಿಂದ ಎಸೆಯಬೇಕು. ಬಿದ್ದ ಕಡೆ ಹೋಗಿ ಅದರೊಳಗೆ ಸಿಕ್ಕ ಗಿಡಗಳನ್ನಷ್ಟೇ ಎಣಿಸಿ ಬರೆಯಬೇಕು. ಎಣಿಸಿ ಮುಗಿಯುವವರೆಗೆ ಒಳಗಿದ್ದದ್ದು ಯಾವುದೂ ಅಲುಗಾಡಬಾರದು. ಕಾವಲಿನ ಉದ್ದಗಲಕ್ಕೂ ಹೀಗೆ ನೂರು ಸಲ. ಅದಲ್ಲದೆ ಕಂಡ ಒಂದೊಂದು ಜಾತಿಗೂ ಐದು ಹಾಳೆ ಗಿಡ ಒತ್ತಿ ಒಣಗಿಸಿ ಕೊಡಬೇಕು.

"ನೆನಪಿರಲಿ, ಹಾಳೆ ಇಲ್ಲ ಅಂದರೆ ಗಿಡ ಇಲ್ಲ," ಎಂದರು ಮಂಜುನಾಥರು. ಅಂದಿನಿಂದ ಮಳೆಗಾಲ ಮುಗಿಯುವ ತನಕ ಅವರು ಕಾವಲಿನೊಳಗೆ ಜೀಪು ಹೋಗುವಷ್ಟು ದೂರ ಹೋದರು. ಜೀಪು ಹೋಗುವಷ್ಟು ದೂರ ಅಂದರೆ ಪಟೇಲರ ಮನೆ.

ಸಂಜೆ ಗುಡಿಸಲಿಗೆ ಬಂದ ಲಕ್ಕಯ್ಯ ಚೌಕವನ್ನು ಗೋಡೆಗೆ ಒರಗಿಸಿ ತಾಯಿಗೆ ಎಲ್ಲ ವಿವರಿಸಿದ. ಬೆಟ್ಟಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಒಂದೊಂದ್ರಾಗೂ ಐದ್ ಗಿಡವಾ?"

"ಊ ಕಣವ್ವ. ಬೇರು ಸಮೇತ."

"ಈಸ್ರಿ ಬಳ್ಳಿ ಈ ಕಾವಲ್ಗೆಲ್ಲ ಇರೋದೇ ಒಂದು. ಐದು ಎಲ್ಲಿಂದ ತತ್ತೀಯ? ನಿಮ್ಮ ಸಾಯೇಬ್ರು ಹುಟ್ಟಿಸ್ತರಾ?"

ಈಶ್ವರಿ ಬಳ್ಳಿ ಹಾವಿನ ಮದ್ದು. ಅದೊಂದೇ ಅಲ್ಲ, ಒಂದೋ ಎರಡೋ ಉಳಿದುಕೊಂಡಿದ್ದ ಗಿಡಗಳು ಆ ಕಾವಲಿನಲ್ಲಿ ಮೂವತ್ತರ ಹತ್ತಿರ ಇದ್ದವು. ಅವುಗಳನ್ನು ಬೆಟ್ಟಮ್ಮನ ಕಡೆಯವರು ತಾಯಿಗಿಡ ಅನ್ನುತ್ತಿದ್ದರು. ತಾಯಿಗಿಡವನ್ನು ಕೀಳುವ ಹಾಗಿಲ್ಲ. ಹೊರಗಿನವರಿಗೆ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಮದ್ದಿಗೆ ಬೇಕಾದರೆ ಹಿಂದಿನ ದಿನ ಹೋಗಿ ಬುಡಕ್ಕೆ ನಾಲ್ಕು ಕಾಳು ರಾಗಿ ಹಾಕಿ, ನಾಳೆ ಬರ್ತೀನಿ ಕಣವ್ವ ಎಂದು ಹೇಳಿ ಬಂದು, ಮಾರನೇ ದಿನ ಎರಡೆಲೆ ಚಿವುಟಿ ತರಬೇಕು. ಅವುಗಳ ಪಕ್ಕದಲ್ಲಿ ನಡೆಯುವಾಗ ಆಡಿನ ಹಗ್ಗವನ್ನೂ ಎತ್ತಿ ಹಿಡಿದುಕೊಳ್ಳುತ್ತಿದ್ದರು.

"ಅವುನ್ನ ಮುಟ್ಟಾಕಿಲ್ಲ ಬುಡವ್ವ," ಎಂದ ಲಕ್ಕಯ್ಯ.

"ಇದುನ್ನ ಎಸೀತೀಯಲ್ಲ, ಎಲ್ಲಾರ ಅವುಗಳ ತಲೆ ಮ್ಯಾಲೆ ಬಿದ್ದಾತು. ನೋಡ್ಕಂಡು ಎಸಿ."

ಹಿಂತಿರುಗಿ ನೋಡದೆ ಎಸೆಯಬೇಕಾದದ್ದನ್ನು ನೋಡಿಕೊಂಡು ಎಸೆ ಎಂದಳು ತಾಯಿ. ಲಕ್ಕಯ್ಯ ಇಬ್ಬರ ಮಾತನ್ನೂ ಉಳಿಸಿದ. ಮೊದಲು ಹೋಗಿ ಬರಿನೆಲ ಇರುವ ಕಡೆ, ಆಡು ಮೇದು ಬೋಳಾದ ಕಡೆ, ಲಾಂಟಾನ ಹಬ್ಬಿದ ಕಡೆ ಗುರುತು ಮಾಡಿಕೊಳ್ಳುತ್ತಿದ್ದ. ಆಮೇಲೆ ಅದಕ್ಕೆ ಬೆನ್ನು ಮಾಡಿ, ಒಂದು ಸಲವೂ ಹಿಂತಿರುಗಿ ನೋಡದೆ, ನಿಯಮದ ಪ್ರಕಾರ ಎಸೆಯುತ್ತಿದ್ದ. ನೂರು ಸಲ ಎಸೆದ. ಒಂದು ತಾಯಿಗಿಡದ ಎಲೆಯೂ ಅಲ್ಲಾಡಲಿಲ್ಲ. ಅವನಿಗೆ ಅದೊಂದು ದೊಡ್ಡ ಹೆಮ್ಮೆಯಾಗಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಮಂಜುನಾಥರು ಚೌಕದ ಪಟ್ಟಿ, ಹಾಳೆಯ ಪಟ್ಟಿ ಎರಡನ್ನೂ ನೋಡಿ ಬೆನ್ನು ತಟ್ಟಿದರು. ನಿಜವಾಗಿ ತಟ್ಟಲಿಲ್ಲ, ಗಾಳಿಯಲ್ಲಿ ತಟ್ಟಿದರು. "ಅಚ್ಚುಕಟ್ಟು. ನಿನ್ನ ಹೆಸರೂ ಹಾಕ್ತೀನಿ, ರುಜು ಮಾಡು" ಎಂದು ಇಂಗ್ಲಿಷಿನಲ್ಲಿದ್ದ ಒಂದು ಕಾಗದ ಮುಂದಿಟ್ಟರು. ಲಕ್ಕಯ್ಯ ನಾಲಿಗೆ ಕಚ್ಚಿಕೊಂಡು ತನ್ನ ಹೆಸರನ್ನು ಗುಂಡಗೆ ಬರೆದ. ಒಂದು ಮೂಲೆ ಸಡಿಲಾಗಿದ್ದ ಚೌಕವನ್ನು ಇಲಾಖೆಗೆ ಬೇಡ ಎಂದು ಅವನಿಗೇ ಬಿಟ್ಟರು. ಅವನು ಅದನ್ನು ಮನೆಗೆ ತಂದು ಹಂಚಿಕಡ್ಡಿಯ ನಾರಿನಲ್ಲಿ ಬಿಗಿದು ಗೋಡೆಗೆ ತೂಗುಹಾಕಿದ. ಚೌಕದೊಳಗೆ ದೇವರ ಪಟ ಇರಲಿಲ್ಲ, ಬರೀ ಮಣ್ಣಿನ ಗೋಡೆ ಇತ್ತು.

"ಸರ್ಕಾರ ಮೆಡ್ಲು ಕೊಟ್ಟದೆ," ಎಂದಳು ಅವನ ಹೆಂಡತಿ ಸಣ್ಣಕ್ಕ. ಅವಳು ಮಾತಾಡಿದರೆ ಹೀಗೇ, ಸೀಗೆಮುಳ್ಳು ಎಳೆದ ಹಾಗೆ.

ಮರುವರ್ಷ ಆಷಾಢ ಬಂತು, ರಾಗಿ ಮಡಕೆಯ ತಳ ಕಂಡಿತು. ಸಣ್ಣಕ್ಕ ಇತರ ಹೆಂಗಸರ ಜೊತೆ ಸೊಪ್ಪಿಗೆ ಹೋದವಳು ಬರಿಯ ಮಡಿಲಲ್ಲಿ ಹಿಂದಿರುಗಿದಳು. ಕಾವಲಿನ ಸುತ್ತ ಮುಳ್ಳುತಂತಿ ಬಂದಿತ್ತು. ಬೇಸಿಗೆಯಲ್ಲಿ ಕಲ್ಲುಕಂಬ ನೆಟ್ಟಾಗ ದನ ಬಾರದಿರಲಿ ಅಂತ ಸರ್ಕಾರದೋರು ನೆಡಿಸ್ತಾವ್ರೆ ಎಂದಿದ್ದರು ಪಟೇಲರ ಆಳುಗಳು, ಆಗ ಆಡನ್ನೂ ಯಾರೂ ತಡೆದಿರಲಿಲ್ಲ. ಈಗ ಒಳಗೆ ಸಾಲು ಸಾಲು ಗುಂಡಿ, ಗುಂಡಿಯಲ್ಲಿ ಗೇಣುದ್ದದ ನೀಲಗಿರಿ ಸಸಿ. ಬಾಗಿಲಲ್ಲಿ ಒಬ್ಬ ಕಾವಲುಗಾರ ದೊಣ್ಣೆ ಹಿಡಿದು ಕೂತಿದ್ದ.

"ಏನಂದ?" ಕೇಳಿದ ಲಕ್ಕಯ್ಯ.

"ಸರ್ವೆ ಆಗದೆ, ಒಳೀಕ್ ಬರಂಗಿಲ್ಲ ಅಂದ. ಯಾವ್ ಸರ್ವೆಯಪ್ಪ ಅಂದೆ. ನಿನ್ ಗಂಡನ್ನೇ ಕೇಳೋಗು ಅಂದ." ಸಣ್ಣಕ್ಕ ಬರಿ ಮಡಿಲನ್ನು ಅವನ ಮುಂದೆ ಕೊಡವಿದಳು. "ಕೇಳ್ತಾ ಇವ್ನಿ. ಯೋಳು."

ಹೊಸ ಹಂಗಾಮಿನ ಸರ್ವೆಗೆ ಮಂಜುನಾಥರು ಅಂದೇ ಬಂದಿಳಿದಿದ್ದಾರೆ ಎಂದು ಲಕ್ಕಯ್ಯನಿಗೆ ಗೊತ್ತಿತ್ತು. ಈ ಸಲ ಅರಕಲಗೂಡಿನ ಕಡೆ ಕೆಲಸ, ಬಿಡಾರ ಮಾತ್ರ ಹಳೆಯದೇ. ನೇರ ಪಟೇಲರ ಅಂಗಳಕ್ಕೆ ಹೋದ.

"ಬಾ ಲಕ್ಕಯ್ಯ, ನಾನೇ ಹೇಳಿ ಕಳಿಸೋಣ ಅಂತಿದ್ದೆ," ಎಂದರು ಮಂಜುನಾಥರು.

"ಸಾ, ಕಾವಲ್ಗೆ ಬೇಲಿ ಬಂದದೆ."

"ಹೌದು. ನಮ್ಮ ರಿಪೋರ್ಟ್ ಮೇಲೆ ಸಮಿತಿಯವರು ಆರ್ಡರ್ ಮಾಡಿದ್ರು. ಗೌಡರು ನೀಲಗಿರಿ ಹಾಕ್ತೀವಿ ಅಂತ ಅರ್ಜಿ ಕೊಟ್ಟಿದ್ರಲ್ಲ." ಅವರು ಚೀಲದಿಂದ ರಟ್ಟಿನ ಪುಸ್ತಕ ತೆಗೆದು ಹೆಮ್ಮೆಯಿಂದ ಕನ್ನಡ ಮಾಡಿ ಓದಿದರು. "ನೂರು ಚೌಕಗಳಲ್ಲಿ ಕಂಡದ್ದು ಹದಿನೇಳು ಜಾತಿ. ಎಲ್ಲವೂ ಸಾಮಾನ್ಯ ಕಳೆ. ಹೆಚ್ಚಿನ ಭಾಗ ಬರಿನೆಲ ಮತ್ತು ಲಾಂಟಾನ. ಸಂರಕ್ಷಿಸತಕ್ಕ ಸ್ವದೇಶಿ ಸಸ್ಯ ಇಲ್ಲ. ಪಾಳು ಭೂಮಿ. ಕ್ಷೇತ್ರದಲ್ಲಿ ಕಂಡವರು, ಲಕ್ಕಯ್ಯ. ನೋಡು, ನಿನ್ನ ರುಜು."

ಲಕ್ಕಯ್ಯ ತನ್ನ ಗುಂಡಗಿನ ಅಕ್ಷರಗಳನ್ನು ನೋಡಿದ. ಅವು ಎಷ್ಟು ಚೆನ್ನಾಗಿ ಬಂದಿದ್ದವು.

"ಸಾ, ಈಸ್ರಿ ಬಳ್ಳಿ ಐತೆ. ಗೌರಿಹೂವಿನ ಗೆಡ್ಡೆ ಐತೆ. ಮೂವತ್ತು ಜಾತಿ ಅವೆ ಸಾ, ಚೌಕಕ್ಕೆ ಬೀಳದೇ ಇರೋವು."

"ಎಲ್ಲಿ ಹಾಳೆ?"

"ಒಂಟಿ ಗಿಡ ಸಾ. ಕಿತ್ರೆ ಮುಗ್ದೋಯ್ತದೆ. ಅದ್ಕೇ ಕೀಳ್ನಿಲ್ಲ. ಅವುಗಳ ಮ್ಯಾಲೆ ಬೀಳ್ದಂಗೆ ಎಸ್ದೆ."

ಮಂಜುನಾಥರು ಕನ್ನಡಕ ತೆಗೆದರು. "ಅಂದರೆ ಇದ್ದದ್ದನ್ನೇ ಬಿಟ್ಟು ಇಲ್ಲದ್ದನ್ನ ಎಣಿಸಿದೆಯಾ?"

"ಇದ್ದದ್ದು ಉಳೀಲಿ ಅಂತ ಸಾ."

ಪಟೇಲರಿಗೆ ನಗು ತಡೆಯಲಾಗಲಿಲ್ಲ. "ಒಳ್ಳೇ ಕೆಲ್ಸ ಮಾಡ್ದೆ ಬುಡ್ಲಾ. ನಿಂಗೂ ಗುಂಡಿ ತೆಗೆಯೋ ಕೂಲಿ ಕೊಡುಸ್ತೀನಿ."

"ಸಾ, ಈಗ ಬಂದು ನೋಡಿ ಸಾ. ನಾನೇ ಕರ್ಕೊಂಡೋಗಿ ತೋರುಸ್ತೀನಿ. ಇನ್ನೂ ಅರ್ಧ ಗುಂಡಿ ತೆಗ್ದಿಲ್ಲ."

"ಫೈಲು ಮುಗೀತಲ್ಲಪ್ಪ. ಮುಗಿದ ಫೈಲನ್ನ ಬಿಡಿಸೋಕೆ ಅದೇನು ಜೋಳದ ತೆನೆಯೇ?" ಎಂದರು ಮಂಜುನಾಥರು. ಅವರು ಕೆಟ್ಟವರಲ್ಲ. ಅವರಿಗೆ ಬೇಸರವೂ ಆಯಿತು, ಮುಖದಲ್ಲಿ ಕಾಣಿಸಿತು. ಕಾಫಿ ಬಂದಮೇಲೆ ಹೋಯಿತು.

ಕೇರಿಯ ಹುಣಸೆಮರದ ಕೆಳಗೆ ಎಲ್ಲರೂ ಸೇರಿದರು. ಲಕ್ಕಯ್ಯನಿಗೆ ಬಿದ್ದ ಬೈಗುಳವನ್ನು ಒಂದೊಂದಾಗಿ ಒತ್ತಿ ಒಣಗಿಸಿದ್ದರೆ ಐವತ್ತು ಹಾಳೆಯಾದರೂ ಆಗುತ್ತಿತ್ತು. ಕಾವಲನ್ನು ಬರೆದುಕೊಟ್ಟ ಎಂದರು, ಜೀಪು ಕಂಡು ಮೈಮರೆತ ಎಂದರು. ಅವನಿಗೆ ಸಾಯುವಷ್ಟು ನಾಚಿಕೆಯಾಗಿತ್ತು.

ಬೆಟ್ಟಮ್ಮ ಕೋಲೂರಿ ಎದ್ದಳು. "ಅವುನ್ನ ಯಾಕ್ ಬಯ್ತೀರಿ. ಕೀಳ್ಬ್ಯಾಡ ಅಂದೋಳು ನಾನು. ನಾನು ಹೇಳಿದ್ದೂ ತೆಪ್ಪಲ್ಲ. ಇರೋದನ್ನ ಕಿತ್ತು ಕೊಟ್ರೆ ಐತೆ ಅಂತ ನಂಬ್ತರಂತೆ. ಉಳ್ಸುದ್ರೆ ಇಲ್ಲ ಅಂತ ಬರೀತರಂತೆ. ಇದ್ಯಾವ ನ್ಯಾಯ, ಯೋಳ್ರಪ್ಪ."

ಒಲೆಗೆ ಬೆಂಕಿ ಹಚ್ಚದೆ ಬಂದಿದ್ದ ಹೆಂಗಸರು ಕೂತೇ ಇದ್ದರು. ಸಣ್ಣಕ್ಕ ಮಾತ್ರ ಗುಡಿಸಲಿಗೆ ಹೋಗಿ ಗೋಡೆಯ ಮೇಲಿದ್ದ ಚೌಕವನ್ನು ಇಳಿಸಿಕೊಂಡು ಬಂದಳು. ಒಲೆಗೆ ಹಾಕುತ್ತಾಳೆ ಎಂದುಕೊಂಡ ಲಕ್ಕಯ್ಯ.

"ಅಲ್ಲ ಕಣಯ್ಯ, ನಂಗೊಂದು ಯೋಳು. ಇದು ನಮ್ ಕಾವಲ್ ಮ್ಯಾಲೆ ಮಾತ್ರ ಬೀಳ್ತದಾ? ಬ್ಯಾರೆ ಕಡೀಕೆ ಎಸುದ್ರೆ ಬೀಳಾಕಿಲ್ವಾ?"

"ಎಲ್ಲಿಗೆ ಎಸುದ್ರೂ ಬೀಳ್ತದೆ."

"ಪಾಳು ಅಂದ್ರೆ ಏನಂದ್ರು ನಿಮ್ ಸಾಯೇಬ್ರು?"

"ಸ್ವದೇಶಿ ಗಿಡ ಇಲ್ದೇ ಇರೋ ಭೂಮಿ."

"ಗೌಡ್ರ ಹೊಲ್ದಾಗೆ ಏನೈತೆ?"

ಲಕ್ಕಯ್ಯ ಅವಳ ಮುಖ ನೋಡಿದ. ವರ್ಷವೆಲ್ಲ ಅವಳಿಂದ ಮುಳ್ಳು ಚುಚ್ಚಿಸಿಕೊಂಡಿದ್ದ, ಇಂದು ಮೊದಲ ಸಲ ಅದು ಸರಿಯಾದ ಕಡೆ ತಿರುಗಿತ್ತು. ಅವನು ನಕ್ಕ. ಆಮೇಲೆ ಕೇರಿಗೆ ಕೇರಿಯೇ ನಕ್ಕಿತು.

ಮಾರನೇ ಬೆಳಿಗ್ಗೆ ಪಟೇಲರ ಹೊಲದಲ್ಲಿ ಆಲೂಗಡ್ಡೆ ಗಿಡ ಮೊಣಕಾಲೆತ್ತರ ಹೂ ಬಿಟ್ಟು ನಿಂತಿತ್ತು. ಎಂಟು ಗಂಟೆಗೆ ಕೇರಿಯವರು ಸಾಲಾಗಿ ಬದುವಿನ ಮೇಲೆ ಬಂದರು. ಲಕ್ಕಯ್ಯ ಹೊಲಕ್ಕೆ ಬೆನ್ನು ಮಾಡಿ ನಿಂತು, ಹಿಂತಿರುಗಿ ನೋಡದೆ ಚೌಕ ಎಸೆದ. ಈ ಸಲ ಮೊದಲೇ ಜಾಗ ನೋಡಿಟ್ಟಿರಲಿಲ್ಲ. ಅವನು ಮಾಡಿದ ಸರ್ವೆಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದ ಸರ್ವೆ ಅದು. ಗಿಡ ತುಳಿಯದಂತೆ ಸಾಲಿನ ನಡುವೆ ನಡೆದು ಹೋಗಿ ಕೂತು ಎಣಿಸಿದ.

"ಒಂದ್ನೇ ಚೌಕ. ಆಲೂಗಡ್ಡೆ ಒಂಬತ್ತು. ಸ್ವದೇಶಿ ಸೊನ್ನೆ."

"ಸೊನ್ನೆ," ಎಂದರು ಬದುವಿನ ಮೇಲಿದ್ದವರು. ಒಬ್ಬ ಚೀಟಿಯಲ್ಲಿ ಬರೆದುಕೊಂಡ.

ಹತ್ತನೇ ಚೌಕದ ಹೊತ್ತಿಗೆ ಆಳುಗಳು ಓಡಿ ಹೋಗಿ ಸುದ್ದಿ ಮುಟ್ಟಿಸಿದರು. ಪಟೇಲರು ಎಲೆ ಮುಂದಿನಿಂದ ಎದ್ದು ಬಂದರು, ಮಂಜುನಾಥರೂ ಹಿಂದೆಯೇ ಬಂದರು. ಎರಡು ಹಂಗಾಮಿನಲ್ಲಿ ಅವರು ಸರ್ವೆ ನಡೆಯುವ ಜಾಗಕ್ಕೆ ಕಾಲ್ನಡಿಗೆಯಲ್ಲಿ ಬಂದದ್ದು ಅದೇ ಮೊದಲು.

ಬದುವಿನ ಬಾಯಲ್ಲಿ ಸಣ್ಣಕ್ಕ ಅಡ್ಡ ನಿಂತಿದ್ದಳು. ಅವಳ ಹಿಂದೆ ಇಪ್ಪತ್ತು ಹೆಂಗಸರು.

"ಸರ್ವೆ ನಡೀತಾ ಅದೆ. ಒಳೀಕ್ ಬರಂಗಿಲ್ಲ."

"ನನ್ ಹೊಲಕ್ಕೆ ನಾನು ಬರಂಗಿಲ್ವೇನೆ?" ಪಟೇಲರ ಮುಖ ಕೆಂಪಾಯಿತು. "ಲೇ ಲಕ್ಕ, ಯಾರ್ ಅಪ್ಪಣೆ ಕೇಳಿ ಕಾಲಿಟ್ಟೆ?"

"ಕಾವಲ್ನಾಗೆ ಯಾರ್ ಅಪ್ಪಣೆ ಕೇಳಿದ್ರು?" ಎಂದ ಲಕ್ಕಯ್ಯ, ಕೂತಲ್ಲಿಂದಲೇ. ಆಮೇಲೆ ಮಂಜುನಾಥರ ಕಡೆ ತಿರುಗಿದ. "ಸಾ, ಹತ್ತು ಚೌಕ ಆಯ್ತು. ಒಂದೂ ಸ್ವದೇಶಿ ಸಿಕ್ನಿಲ್ಲ. ಆಲೂಗಡ್ಡೆ ಯಾವ್ ದೇಸದ್ದು ಅಂದ್ರಿ? ಬರ್ಕೊಳ್ಬೇಕು."

ಮಂಜುನಾಥರು ಪಟೇಲರನ್ನು ನೋಡಿದರು. ಬೋಂಡ ಗಂಟಲಲ್ಲಿ ಸಿಕ್ಕಿದವರ ಹಾಗೆ ಅವರ ಬಾಯಿ ಸುಮ್ಮನೆ ಆಡಿತು.

"ಯೋಳಿ ಸಾ. ಸ್ವದೇಶಿನಾ, ಪರದೇಶಿನಾ?"

"ಪರದೇಶಿ... ಆದರೆ ಇದು ಬೆಳೆ ಕಣಪ್ಪ. ಇದಕ್ಕೆ ಆ ನಿಯಮ ಬರಲ್ಲ."

"ಯಾಕ್ ಬರಲ್ಲ ಸಾ?" ಎಂದಳು ಬೆಟ್ಟಮ್ಮ. "ಲಾಂಟಾನಕ್ಕೆ ಬತ್ತದೆ, ನಮ್ ಸೊಪ್ಪಿಗೆ ಬತ್ತದೆ. ಗೌಡ್ರ ಆಲೂಗೆಡ್ಡೆ ಕಂಡ್ರೆ ನಿಯಮ ಎದ್ರುಕೊಂಡು ಓಡೋಯ್ತದಾ?"

"ಹಾಳೆ ಬೇಕಲ್ಲ, ಐದು ಹಾಳೆ..." ಮಂಜುನಾಥರ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು.

ಐದು ಹೆಂಗಸರು ಮುಂದೆ ಬಂದರು. ಒಬ್ಬೊಬ್ಬಳ ಕೈಯಲ್ಲೂ ಹಳೇ ನ್ಯೂಸ್‌ಪೇಪರು, ಪೇಪರಿನಲ್ಲಿ ಬೇರು, ಗೆಡ್ಡೆ ಸಮೇತ ಆಗಲೇ ಕಿತ್ತು ಮಲಗಿಸಿದ ಒಂದು ಆಲೂಗಡ್ಡೆ ಗಿಡ, ತುದಿಯಲ್ಲಿ ಊರು ತಾರೀಖಿನ ಚೀಟಿ. ಕೆಳಗೆ ಮೂವತ್ತು ಮನೆಯವರ ಹೆಬ್ಬೆಟ್ಟು, ಮಸಿ ಇಲ್ಲದ್ದಕ್ಕೆ ಹೊಲದ ಕೆಮ್ಮಣ್ಣಿನಲ್ಲಿ ಒತ್ತಿದ್ದು. ಐದನ್ನೂ ಸಾಹೇಬರ ಕೈಗೆ ಕೊಟ್ಟರು. ಅವರು ಬೇಡ ಅನ್ನಲಾಗದೆ ಎದೆಗೆ ಅವುಚಿಕೊಂಡು ನಿಂತರು.

"ಸಮಿತಿಗೆ ಬರೀರಿ ಸಾ. ಪಾಳು ಭೂಮಿ ಅಂತ. ಉದ್ಧಾರ ಮಾಡಾಕೆ ನಾವು ಮೂವತ್ತು ಮನೆ ಇದ್ದೀವಿ. ಇಲ್ಲಾ, ಆ ರಿಪೋರ್ಟು ಸುಳ್ಳು ಅಂತ ಬರೀರಿ. ಎಲ್ಡ್ರಲ್ಲಿ ಒಂದು," ಎಂದ ಲಕ್ಕಯ್ಯ.

ಪಟೇಲರು ಸಣ್ಣಕ್ಕನನ್ನು ತಳ್ಳಿಕೊಂಡು ಹೊಲದೊಳಗೆ ನುಗ್ಗಿದರು. ದೊಣ್ಣೆ ಹಿಡಿದ ಆಳುಗಳು ಅವರ ಹಿಂದೆ ಬರಬೇಕಾಗಿತ್ತು. ಬರಲಿಲ್ಲ. ಅವರಲ್ಲಿ ನಾಲ್ವರು ಅದೇ ಕೇರಿಯವರು, ಅವರ ಮನೆಯ ಮಡಕೆಯೂ ಬರಿದಾಗಿತ್ತು. ಪಟೇಲರಿಗೆ ಅದು ಗೊತ್ತಾದದ್ದು ಹೊಲದ ನಡುವೆ ಒಬ್ಬರೇ ನಿಂತಮೇಲೆ.

ಲಕ್ಕಯ್ಯ ಎದ್ದ. ಚೌಕವನ್ನು ಕೈಗೆತ್ತಿಕೊಂಡ. ಈ ಸಲ ಬೆನ್ನು ಮಾಡಲಿಲ್ಲ, ಎದುರಿಗೆ ನೋಡಿಕೊಂಡೇ ಎಸೆದ. ಚೌಕ ಪಟೇಲರ ತಲೆಯ ಮೇಲಿಂದ ಇಳಿದು ಅವರ ಎರಡು ಕಾಲುಗಳ ಸುತ್ತ ಸರಿಯಾಗಿ ಕೂತಿತು.

ಪಟೇಲರು ಕಾಲೆತ್ತಲು ಹೋದರು.

"ಅಲ್ಲಾಡ್ಬ್ಯಾಡಿ ಕೃಷ್ಣಪ್ನೋರೆ," ಎಂದ ಲಕ್ಕಯ್ಯ. ಕೇರಿಯವರು ಪಟೇಲರನ್ನು ಕರೆಯುತ್ತಿದ್ದ ಬುದ್ಧೀ ಎನ್ನುವ ಮಾತು ಅವನ ಬಾಯಿಗೆ ಬರಲೇ ಇಲ್ಲ. "ಎಣ್ಸಿ ಮುಗಿಯೋಗಂಟ ಒಳಗಿರೋದು ಅಲ್ಲಾಡಂಗಿಲ್ಲ."

ಅವನು ಅವರ ಮುಂದೆ ಕೂತು, ಚೀಟಿ ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಎಣಿಸತೊಡಗಿದ.